ಹೊಳೆ ಏರುವ ಮೊದಲು ನೀರು ಹೇಳುವ ಮಾತು

ನಮ್ಮ ತೋಟದ ಕೆಳಗೇ ಶಾಲ್ಮಲಾ ಹೊಳೆ. ಶಿರಸಿ ಕಡೆಯಿಂದ ಬಂದು ಸಹಸ್ರಲಿಂಗ ನೋಡಿಹೋದವರಿಗೆ ಬೇಸಿಗೆಯಲ್ಲಿ ಈ ಹೊಳೆ ಎಷ್ಟು ಸಾಧು ಎಂದು ಗೊತ್ತು. ಬಂಡೆ ಬಂಡೆಯ ಮೇಲೆ ಲಿಂಗ, ನಡುನಡುವೆ ಮೊಣಕಾಲುದ್ದ ನೀರು. ಮಳೆಗಾಲ ಹಿಡಿದರೆ ಆ ಬಂಡೆಗಳೇ ಕಾಣುವುದಿಲ್ಲ. ಆಷಾಢದ ಕೆಂಪು ಹೊಳೆ ಕಂಡರೆ ಯಾರೂ ಇಳಿಯುವುದಿಲ್ಲ, ಹಾಗಾಗಿ ಅದರ ಬಗ್ಗೆ ನನಗೆ ಅಷ್ಟು ಭಯವಿಲ್ಲ. ನನ್ನ ಭಯವೆಲ್ಲ ಮೇ ಕೊನೆಯಿಂದ ಜೂನ್ ನಡುವಿನವರೆಗಿನದು. ರೋಹಿಣಿ, ಮೃಗಶಿರ ಮಳೆಯ ಹೊತ್ತಿನ ಹೊಳೆಗೆ ಎಲ್ಲರೂ ಇಳಿಯುತ್ತಾರೆ.

ನಾನು ಇಳಿದದ್ದು ಪಂಪ್‌ಸೆಟ್ ತರಲು. ಬೇಸಿಗೆಯಿಡೀ ಅದು ಹೊಳೆಯಂಚಿನ ಬಂಡೆ ಮೇಲಿರುತ್ತದೆ. ಮಳೆ ಹಿಡಿಯುವ ಮೊದಲು ಅದನ್ನು ಬಿಚ್ಚಿ ದರೆಗೆ, ಅಂದರೆ ಹೊಳೆಯ ಎತ್ತರದ ದಂಡೆಗೆ, ಹತ್ತಿಸಬೇಕು. ಆ ವರ್ಷ ಕೆಲಸದ ಗಡಿಬಿಡಿಯಲ್ಲಿ ತಡವಾಯಿತು. ಮಧ್ಯಾಹ್ನ ಮೂರರ ಹೊತ್ತು, ನಮ್ಮಲ್ಲಿ ಹನಿ ಮಳೆಯಿಲ್ಲ, ಬಿಸಿಲು. ಮೇಲಿನ ಗುಡ್ಡದ ಕಡೆ ಗುಡುಗುತ್ತಿತ್ತು, ಅಷ್ಟೇ. ಮೊಣಕಾಲು ನೀರಿನಲ್ಲಿ ನಿಂತು, ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ಬಿಚ್ಚುತ್ತಿದ್ದೆ. ದರೆ ಮೇಲಿಂದ ಅಪ್ಪಯ್ಯ ಕೂಗಿದರು: "ತಮಾ, ಮೇಲೆ ಬಾ. ನೀರಿನ ಬಣ್ಣ ನೋಡು."

ನೋಡಿದೆ. ತಿಳಿನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಮೊದಲು ನಾಲ್ಕೈದು ಒಣ ಎಲೆ ತೇಲಿಬಂದವು, ಹಿಂದೆಯೇ ನೊರೆ, ಕಡ್ಡಿ, ತರಗೆಲೆಯ ದೊಡ್ಡ ರಾಶಿ. ಇನ್ನೆರಡು ನಟ್ಟು ಬಿಚ್ಚಿದರೆ ಮುಗಿಯಿತಲ್ಲ ಎಂದುಕೊಂಡೆ. ಎರಡನೆಯದಕ್ಕೆ ಸ್ಪ್ಯಾನರ್ ಹಾಕುವಾಗ ನೀರು ತೊಡೆಗೆ ಬಂದಿತ್ತು. ದಡಕ್ಕೆ ತಿರುಗಿ ಒಂದು ಹೆಜ್ಜೆ ಇಟ್ಟೆ, ಬಲಗಾಲು ಎರಡು ಕಲ್ಲಿನ ಸಂದಿನಲ್ಲಿ ಸಿಕ್ಕಿತು. ಕಾಲು ಅಲ್ಲೇ, ಮೈಯನ್ನು ಮಾತ್ರ ನೀರು ಮುಂದಕ್ಕೆ ಮಲಗಿಸಿತು. ತಲೆಯ ಮೇಲೆ ನೀರು ಹೋಗುವಾಗ ಕೇಳಿದ ಗುಡುಗುಡು ಸದ್ದು ನನಗೆ ಇಂದಿಗೂ ನೆನಪಿದೆ. ಚಪ್ಪಲಿ ಕಳಚಿದ್ದರಿಂದ ಪಾದ ಹೊರಬಂತು. ಒಂದಿಪ್ಪತ್ತು ಮಾರು ಕೆಳಗೆ ಹೊಳೆಮತ್ತಿಯ ಬೇರು ಕೈಗೆ ಸಿಕ್ಕಿ ಉಳಿದೆ. ಪಂಪು ಹೋಯಿತು.

ಈಜು ನನಗೆ ಚೆನ್ನಾಗಿಯೇ ಬರುತ್ತಿತ್ತು, ಅಂದು ಅದು ಕೆಲಸಕ್ಕೆ ಬರಲಿಲ್ಲ. ನೀರಿನ ವೇಗ ಎರಡು ಪಟ್ಟಾದರೆ ಅದು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ರಭಸವಿದ್ದರೆ ಅರ್ಧ ಅಡಿ ನೀರೇ ದೊಡ್ಡವರನ್ನು ಕೆಡವಬಲ್ಲದು. ಸೆಳವಿನಲ್ಲಿ ಎದ್ದು ನಿಲ್ಲಲು ಹೋಗುವುದೇ ತಪ್ಪು ಎಂದು ಆಮೇಲೆ ಕಲಿತೆ. ಅಂಗಾತ ಮಲಗಿ, ಪಾದ ಮೇಲೆತ್ತಿ ಕೆಳದಿಕ್ಕಿಗೆ ಚಾಚಿ, ಕೈ ಬೀಸುತ್ತ ಓರೆಯಾಗಿ ದಡಕ್ಕೆ ಸಾಗಬೇಕು. ಅಡ್ಡಬಿದ್ದ ಮರ ಎದುರಾದರೆ ಮಾತ್ರ ಬೋರಲಾಗಿ ಈಜಿ ತಪ್ಪಿಸಿಕೊಳ್ಳಬೇಕು. ನೀರು ಕೊಂಬೆಗಳ ಸಂದಿನಲ್ಲಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ.

ಆ ವರ್ಷದಿಂದ ರೋಹಿಣಿ ಮಳೆ ಹುಟ್ಟುವುದರೊಳಗೆ ನಮ್ಮ ಪಂಪು ಮೇಲೆ ಬಂದಿರುತ್ತದೆ. ಇಳಿಯುವ ಜಾಗದ ಬಂಡೆಗೆ ಬಿಳಿ ಬಣ್ಣದಲ್ಲಿ ಗೆರೆ ಎಳೆದಿದ್ದೇನೆ. ಕೆಲಸದ ನಡುವೆ ಆಗಾಗ ಅದನ್ನು ನೋಡುತ್ತೇನೆ. ಗೆರೆ ಒದ್ದೆಯಾದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಮೇಲೆ ಬರುವುದು. ದರೆ ಮೇಲೆ ಒಬ್ಬರು ಮೇಲ್ದಿಕ್ಕಿಗೆ ಮುಖಮಾಡಿ ನಿಂತಿರಬೇಕು. ಪಕ್ಕದಲ್ಲಿ ಇಪ್ಪತ್ತು ಲೀಟರಿನ ಖಾಲಿ ಕ್ಯಾನು, ಮುಚ್ಚಳ ಬಿಗಿದು, ಹಿಡಿಕೆಗೆ ನೈಲಾನ್ ಹಗ್ಗ ಕಟ್ಟಿದ್ದು. ಯಾರಾದರೂ ಬಿದ್ದರೆ ಅದನ್ನು ಎಸೆಯುವುದು, ನಾವು ಹಾರುವುದಲ್ಲ.

ಹಳ್ಳದ ಸಂಕದ, ಅಂದರೆ ಮರದ ಕಾಲುಸೇತುವೆಯ ಮೇಲೆ ನನ್ನ ಮಗಳು ಶಾಲೆಗೆ ಹೋಗಿಬರುತ್ತಿದ್ದಳು. ಅಡಕೆ ಮರದ ಸಂಕಕ್ಕೆ ಒಂದು ಮಳೆಗಾಲ ಕಳೆದರೆ ನಂಬಿಕೆಯಿಲ್ಲ. ಮೇಲೆ ಗಟ್ಟಿ ಕಂಡರೂ ಒಳಗಿನ ತಿರುಳು ಕೊಳೆತಿರುತ್ತದೆ. ಕತ್ತಿಯ ಹಿಂಬದಿಯಿಂದ ಬಡಿದರೆ ಸದ್ದಿನಲ್ಲೇ ತಿಳಿಯುತ್ತದೆ. ಪ್ರತಿ ವರ್ಷ ಮರ ಬದಲಿಸುತ್ತೇವೆ, ಎರಡೂ ಬದಿಗೆ ಕೈಹಿಡಿಯಲು ಬಿದಿರಿನ ಗಳ ಕಟ್ಟುತ್ತೇವೆ, ವಾರಕ್ಕೊಮ್ಮೆ ತೆಂಗಿನ ಕತ್ತದಿಂದ ಹಾವಸೆ ಉಜ್ಜುತ್ತೇವೆ. ಹಳ್ಳ ಸಂಕಕ್ಕೆ ಒಂದು ಮೊಳ ಕೆಳಗೆ ಬಂದ ದಿನ ಶಾಲೆಗೆ ರಜೆ. ಮಾಸ್ತರರಿಗೆ ಫೋನ್ ಮಾಡಿ ಹೇಳಿದರೆ ಅವರೂ ಒಪ್ಪುತ್ತಿದ್ದರು. ನೀರು ಇಳಿದ ದಿನವೂ ಅಂಚಿನಲ್ಲಿ ನಿಲ್ಲಲು ನಾನು ಬಿಡುವುದಿಲ್ಲ. ನೆನೆದ ದರೆಗೆ ಅಲ್ಲಿಯವರೆಗೆ ಒತ್ತಾಸೆಯಾಗಿದ್ದ ನೀರು ಹೋದ ಮೇಲೆಯೇ ಅದು ಜರಿಯುವುದು ಹೆಚ್ಚು.

ಕಾಳಿ ನದಿಯ ತೀರದಲ್ಲಿ ನೆಂಟರಿದ್ದಾರೆ. ಅಲ್ಲಿಯ ಲೆಕ್ಕ ಬೇರೆ. ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳಿರುವುದರಿಂದ ಮಳೆಯಿಲ್ಲದ ದಿನವೂ ವಿದ್ಯುತ್ತಿಗಾಗಿ ನೀರು ಬಿಟ್ಟರೆ ಹೊಳೆ ಏರುತ್ತದೆ. ಗಣೇಶಗುಡಿಯ ರಾಫ್ಟಿಂಗ್ ನಡೆಯುವುದೇ ಆ ನೀರಿನಿಂದ. ನಡುಹೊಳೆಯ ಬಂಡೆಯ ಮೇಲೆ ಬುತ್ತಿ ಬಿಚ್ಚುವ ಪ್ರವಾಸಿಗರಿಗೆ ಇದು ತಿಳಿದಿರುವುದಿಲ್ಲ. ಮಳೆಗಾಲದಲ್ಲಿ ಕದ್ರಾದಿಂದ 50 ಸಾವಿರ ಕ್ಯುಸೆಕ್ ಬಿಟ್ಟರು ಎಂದು ಸುದ್ದಿ ಬಂದರೆ, ಸೆಕೆಂಡಿಗೆ ಸುಮಾರು 14 ಲಕ್ಷ ಲೀಟರ್ ಎಂದರ್ಥ. 2019ರ ಆಗಸ್ಟಿನ ನೆರೆ ಕಂಡ ಮೇಲೆ ನಮ್ಮವರು ಗೇಟಿನ ಸುದ್ದಿ ಕೇಳಿದ ಕೂಡಲೇ ದನ ಬಿಚ್ಚುತ್ತಾರೆ, ದೋಣಿ ಮೇಲೆಳೆಯುತ್ತಾರೆ.

ಇನ್ನೊಂದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮುಳುಗಿದವರನ್ನು ಮೇಲೆ ತಂದಾಗ ನಮ್ಮ ಕಡೆ ಹೊಟ್ಟೆ ಒತ್ತುತ್ತಾರೆ, ತಲೆಕೆಳಗು ಮಾಡುತ್ತಾರೆ. ಹಾಗೆ ಮಾಡಬೇಡಿ. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಹೊತ್ತೂ ಹಾಳು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಡಿ. ಆಮೇಲೆ ಎದೆಯ ನಡುವೆ ಮೂವತ್ತು ಸಲ ಜೋರಾಗಿ ಒತ್ತಿ, ಎರಡು ಉಸಿರು, ಮತ್ತೆ ಮೂವತ್ತು. ಇನ್ನೊಬ್ಬರು ಅಷ್ಟರಲ್ಲಿ 112ಕ್ಕೆ ಫೋನ್ ಮಾಡಲಿ.

ಈ ಸಲ ಪಂಪು ಇಳಿಸುವಾಗ ಬಿಳಿ ಗೆರೆ ಮಾಸಿದ್ದು ಕಂಡಿತು. ಮಗಳು ಬಣ್ಣದ ಡಬ್ಬಿ ತಂದು ತಾನೇ ಹೊಸದಾಗಿ ಎಳೆದಳು, ಹಳೆಯದಕ್ಕಿಂತ ನಾಲ್ಕು ಬೆರಳು ಕೆಳಗೆ.