ಸ್ಪೋರ್ಟ್ಸ್ ಕಾರಿಗೆ ಆಲ್ ಸೀಸನ್ ಟೈರ್: ಕಾರಿಗಿಂತ ಮೊದಲು ಊರನ್ನು ನೋಡಿ

ವರ್ಷಪೂರ್ತಿ ಒಂದೇ ಸ್ಪೋರ್ಟ್ಸ್ ಕಾರು ಓಡಿಸುವವರಿಗೆ ನನ್ನ ಮೊದಲ ಮಾತು ಇಷ್ಟೇ. ಟೈರ್ ಆರಿಸುವಾಗ ಕಾರನ್ನು ಆಮೇಲೆ ನೋಡಿ, ಊರನ್ನು ಮೊದಲು ನೋಡಿ. ಜನವರಿಯ ಬೆಳಗ್ಗೆ ಏಳು ಗಂಟೆಗೆ ನಿಮ್ಮ ಮನೆ ಮುಂದೆ ಎಷ್ಟು ಚಳಿ ಇರುತ್ತದೆ? ಮಳೆ ಬಂದರೆ ಜಿನುಗುತ್ತದೋ, ಸುರಿಯುತ್ತದೋ? ಹಿಮ ಬಿದ್ದರೆ ಎರಡು ದಿನಕ್ಕೆ ಕರಗುತ್ತದೋ, ಮಾರ್ಚ್‌ವರೆಗೂ ಕೂತಿರುತ್ತದೋ? ಇದಕ್ಕೆಲ್ಲ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾದ ರಾಲಿಯಲ್ಲಿ. ಓಡಿಸುವುದು ಸುಬಾರು ಬಿಆರ್‌ಝಡ್ ಲಿಮಿಟೆಡ್. 2.4 ಲೀಟರ್ ಎಂಜಿನ್, 228 ಎಚ್‌ಪಿ, ಆರು ಗೇರಿನ ಮ್ಯಾನುಯಲ್, ಎಳೆತವೆಲ್ಲ ಹಿಂದಿನ ಚಕ್ರಗಳದ್ದು. ಫ್ಯಾಕ್ಟರಿಯಿಂದ ಬರುವಾಗಲೇ ಇದಕ್ಕೆ ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಹಾಕಿರುತ್ತಾರೆ. ಅದು ಸಮ್ಮರ್ ಟೈರ್, ಬೆಚ್ಚಗಿನ ಕಾಲಕ್ಕೆಂದೇ ಮಾಡಿದ್ದು. ಜೂನ್ ತಿಂಗಳಲ್ಲಿ ಬ್ಲೂ ರಿಡ್ಜ್ ಪಾರ್ಕ್‌ವೇಯ ತಿರುವುಗಳಲ್ಲಿ ಅದರ ಹಿಡಿತ ಅನುಭವಿಸಿದವರಿಗೆ ಬೇರೆ ಟೈರ್ ಬೇಕು ಅಂತ ಅನಿಸುವುದೇ ಇಲ್ಲ. ಆದರೆ ಅದೇ ಕಾರಿನಲ್ಲಿ ನಾನು ಜನವರಿಯಲ್ಲೂ ಆಫೀಸಿಗೆ ಹೋಗಬೇಕು.

ಬೆಂಗಳೂರಿನಲ್ಲಿ ಟೈರ್ ಅಂಗಡಿಗೆ ಹೋದರೆ ಸೈಜ್ ಕೇಳುತ್ತಾರೆ, ಬ್ರ್ಯಾಂಡ್ ಕೇಳುತ್ತಾರೆ, ಟ್ಯೂಬ್‌ಲೆಸ್ಸಾ ಅಂತ ಕೇಳುತ್ತಾರೆ. ಯಾವ ಕಾಲಕ್ಕೆ ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಊರಿಂದ ಬಂದವರಿಗೆ ಈ ಪ್ರಶ್ನೆಯೇ ಹೊಸದು. ನಮ್ಮ ಬೀದಿಯ ದಾವಣಗೆರೆ ಹುಡುಗನೊಬ್ಬ ಈಚೆಗೆ ಸೆಕೆಂಡ್ ಹ್ಯಾಂಡ್ ಬಿಆರ್‌ಝಡ್ ತಗೊಂಡ. "ಅಕ್ಕಾ, ಟೈರ್ ಹೊಸದೇ ಇದೆ. ಸಮ್ಮರ್ ಅಂತ ಬರೆದಿದ್ರೆ ಏನಂತೆ, ಚಳೀಲಿ ಹಾಕ್ಬಾರ್ದಾ?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಚಳಿಗಾಲದಲ್ಲಿ ಬಾಟಲಿಯೊಳಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಸಮ್ಮರ್ ಟೈರಿನ ರಬ್ಬರ್ ಹೆಚ್ಚುಕಡಿಮೆ ಹಾಗೆ. ಸುಮಾರು 7 ಡಿಗ್ರಿ ಸೆಲ್ಸಿಯಸ್, ಅಂದರೆ ಇಲ್ಲಿಯವರ ಲೆಕ್ಕದ 45 ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋದಂತೆ ಅದು ಬಿಗಿಯಾಗುತ್ತದೆ. ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗಿಗೆ ಅಂಟಿಕೊಳ್ಳುವುದಿಲ್ಲ. ರಸ್ತೆ ಒಣಗಿದ್ದರೂ ಸಿಗ್ನಲ್‌ನಲ್ಲಿ ಕ್ಲಚ್ ಬಿಡುವಾಗ ಹಿಂದಿನ ಚಕ್ರ ಸರ್ರನೆ ತಿರುಗಿಬಿಡುತ್ತದೆ. ಇನ್ನೂ ಕೆಳಗೆ, ಮೈನಸ್ 7 ಡಿಗ್ರಿಗೆ ಹೋದರೆ ಟ್ರೆಡ್, ಅಂದರೆ ರಸ್ತೆಗೆ ತಾಗುವ ರಬ್ಬರ್, ಬಿರುಕು ಬಿಡಬಹುದು ಅಂತ ತಯಾರಕರೇ ಎಚ್ಚರಿಸುತ್ತಾರೆ. ಆ ಬಿರುಕಿಗೆ ವಾರಂಟಿ ಕೇಳಿದರೆ ಸಿಗುವುದಿಲ್ಲ.

ಆಲ್ ಸೀಸನ್ ಟೈರಿನ ರಬ್ಬರ್ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಟ್ರೆಡ್ಡಿನ ಒಂದೊಂದು ತುಂಡಿನ ಮೇಲೂ ಬ್ಲೇಡಿನಿಂದ ಗೀರಿದ ಹಾಗೆ ತೆಳ್ಳಗಿನ ಸೀಳುಗಳಿರುತ್ತವೆ. ಅವುಗಳ ಅಂಚು ಹಿಮವನ್ನು ಹಿಡಿಯುತ್ತದೆ. ಆದರೆ ಇದೇ ಸೀಳುಗಳಿಂದ ಟ್ರೆಡ್ ಸ್ವಲ್ಪ ಅಲುಗಾಡುತ್ತದೆ, ಸ್ಟೀರಿಂಗ್‌ನ ಚುರುಕು ಒಂದು ಗುಲಗಂಜಿ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಬ್ರೇಕ್ ಹಾಕಿದಾಗ ಸಮ್ಮರ್ ಟೈರ್ ನಿಲ್ಲುವಷ್ಟು ಬೇಗ ನಿಲ್ಲುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡು ಒಪ್ಪಿಕೊಳ್ಳಬೇಕು.

ಹಾಗಾದರೆ ಯಾರಿಗೆ ಬೇಕು? ರಾಲಿ, ಶಾರ್ಲಟ್, ಅಟ್ಲಾಂಟಾ, ಡಲ್ಲಾಸ್ ಕಡೆಯವರಿಗೆ ಇದು ಹೇಳಿ ಮಾಡಿಸಿದ ಟೈರ್. ಜನವರಿ ಬೆಳಗ್ಗೆ ಸೊನ್ನೆಯ ಆಸುಪಾಸು, ಮಧ್ಯಾಹ್ನ ಹತ್ತು ಡಿಗ್ರಿ, ಹಿಮ ಅಪರೂಪ. ಹಿಮ ಬಿದ್ದು ಕೂರುವ ಮಿನಿಯಾಪೊಲಿಸ್, ಬಫಲೋದಲ್ಲಿದ್ದರೆ ಆಲ್ ಸೀಸನ್ ನಂಬಿಕೊಂಡು ಹಿಂಬದಿ ಚಕ್ರದ ಕಾರು ಓಡಿಸಬೇಡಿ. ಬೇರೆ ರಿಮ್ ಮೇಲೆ ಒಂದು ಸೆಟ್ ವಿಂಟರ್ ಟೈರ್ ಇಟ್ಟುಕೊಳ್ಳಿ. ಫೀನಿಕ್ಸ್‌ನಲ್ಲಿದ್ದರೆ, ಅಥವಾ ಕಾರು ಬೆಂಗಳೂರಿನಲ್ಲಿದ್ದರೆ, ಸಮ್ಮರ್ ಟೈರೇ ಸರಿ. ಚಳಿಗಾಗಿ ಹಿಡಿತ ಬಿಟ್ಟುಕೊಡುವ ಅಗತ್ಯ ಅಲ್ಲಿಲ್ಲ.

ಒಂದು ಎಚ್ಚರಿಕೆ. 2014ರ ಫೆಬ್ರವರಿ 12ರಂದು ರಾಲಿಯ ಗ್ಲೆನ್‌ವುಡ್ ಅವೆನ್ಯೂದಲ್ಲಿ ಹಿಮದ ನಡುವೆ ಕಾರುಗಳು ಅಡ್ಡಾದಿಡ್ಡಿ ಸಿಕ್ಕಿಹಾಕಿಕೊಂಡು, ಅದರಲ್ಲಿ ಒಂದು ಹೊತ್ತಿ ಉರಿಯುತ್ತಿದ್ದ ಫೋಟೋ ದೇಶವೆಲ್ಲ ಸುತ್ತಿತ್ತು. ನಮ್ಮ ಕಡೆ ಹಿಮದ ಜೊತೆ ಮಂಜುಗಡ್ಡೆಯೂ ಬರುತ್ತದೆ. ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ ರಸ್ತೆ ಗಾಜಾಗುತ್ತದೆ. ಅಂಥ ದಿನ ಯಾವ ಆಲ್ ಸೀಸನ್ ಟೈರೂ ಕಾಯುವುದಿಲ್ಲ. ಮನೆಯಲ್ಲೇ ಇರಿ.

ಇನ್ನು ಆಯ್ಕೆಗೆ ಬರೋಣ. ಆಲ್ ಸೀಸನ್ ಅಂದರೆ ಒಂದೇ ಜಾತಿ ಅಲ್ಲ. ಕ್ಯಾಮ್ರಿ, ಅಕಾರ್ಡ್‌ಗೆ ಹಾಕುವ ಟೂರಿಂಗ್ ಟೈರ್ ಬೇರೆ, ನಮಗೆ ಬೇಕಾದ ಅಲ್ಟ್ರಾ ಹೈ ಪರ್ಫಾರ್ಮೆನ್ಸ್ ಆಲ್ ಸೀಸನ್ ಬೇರೆ. ಟೂರಿಂಗ್ ಟೈರ್ ಜಾಸ್ತಿ ಬಾಳಿಕೆ ಬರುತ್ತದೆ, ಸದ್ದು ಕಡಿಮೆ. ಆದರೆ ಅದರ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆ, ಮೆದು. ತಿರುವಿನಲ್ಲಿ ನೀವು ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ಒಂದು ಕ್ಷಣ ಯೋಚಿಸಿ ಆಮೇಲೆ ತಿರುಗುತ್ತದೆ. ಸ್ಪೋರ್ಟ್ಸ್ ಕಾರು ತಗೊಂಡು ಅದಕ್ಕೆ ಹೀಗೆ ಮಾಡಬಾರದು.

ಈ ತಪ್ಪಿಗೆ ಜನ ಬೀಳುವುದು ಟ್ರೆಡ್‌ವೇರ್ ನಂಬರ್ ನೋಡಿ. ಟೈರಿನ ಪಕ್ಕದಲ್ಲಿ 540 ಎಎ ಎ ಅಂತ ಒಂದು ಸಾಲು ಇರುತ್ತದೆ. ಮೊದಲನೆಯದು ಸವೆತದ ಅಂಕಿ. ಟೆಕ್ಸಸ್‌ನ ಸ್ಯಾನ್ ಆಂಜೆಲೊ ಸುತ್ತ ಸಾರ್ವಜನಿಕ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, 100 ಅಂಕಿ ಕೊಟ್ಟ ಒಂದು ಹೋಲಿಕೆ ಟೈರಿನ ಜೊತೆ ತಾಳೆ ನೋಡುತ್ತಾರೆ. ಕೊನೆಗೆ ಅಂಕಿ ಕೊಡುವುದು ಟೈರ್ ಕಂಪನಿಯೇ. ಹಾಗಾಗಿ ಒಂದು ಕಂಪನಿಯ 500ಕ್ಕೂ ಇನ್ನೊಂದರ 560ಕ್ಕೂ ಕೂಡಿಸಿ ಕಳೆಯುವುದರಲ್ಲಿ ಅರ್ಥವಿಲ್ಲ. ಆದರೆ 700, 800 ಅಂತ ಇದ್ದರೆ ಅದು ಟೂರಿಂಗ್ ಜಾತಿ ಅಂತ ತಿಳಿಯಿರಿ. ಎರಡನೆಯದು ಒದ್ದೆ ರಸ್ತೆಯ ಹಿಡಿತ. ಎಎ ಅತ್ಯುತ್ತಮ. ಇದರಲ್ಲಿ ಅಳೆಯುವುದು ಒದ್ದೆ ಡಾಂಬರು ಮತ್ತು ಕಾಂಕ್ರೀಟಿನ ಮೇಲೆ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತ ಮಾತ್ರ. ತಿರುವಿನ ಹಿಡಿತ ಇದರಲ್ಲಿ ಬರುವುದಿಲ್ಲ. ಮೂರನೆಯದು ಬಿಸಿ ತಡೆಯುವ ಶಕ್ತಿ. ನನ್ನ ಪ್ರಕಾರ ಸ್ಪೋರ್ಟ್ಸ್ ಕಾರಿಗೆ ಒದ್ದೆ ರಸ್ತೆಯ ಹಿಡಿತದಲ್ಲಿ ಎಎಗಿಂತ ಕೆಳಗಿನದು ಬೇಡ.

ಒದ್ದೆ ರಸ್ತೆಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಬಿಆರ್‌ಝಡ್ ಹಗುರ ಕಾರು, ತೂಕ ಸುಮಾರು 1,300 ಕೆಜಿ. ಹಗುರ ಕಾರಿಗೆ ಅಗಲ ಟೈರ್ ಸೇರಿದರೆ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಜುಲೈ ಸಂಜೆ ಐ-40 ಹೈವೇಯಲ್ಲಿ ಗುಡುಗುಮಳೆ ಹಿಡಿದರೆ ಹತ್ತೇ ನಿಮಿಷದಲ್ಲಿ ಗಾಲಿಜಾಡಿನಲ್ಲಿ ನೀರು ನಿಲ್ಲುತ್ತದೆ. ಆಗ ಸ್ಟೀರಿಂಗ್ ಒಮ್ಮೆಲೇ ಹಗುರಾಗುತ್ತದೆ, ಕೈಗೆ ರಸ್ತೆಯ ಸುದ್ದಿ ಬರುವುದು ನಿಲ್ಲುತ್ತದೆ. ನಮ್ಮ ಊರಿನಲ್ಲಿ ಹಿಮಕ್ಕಿಂತ ಇಂಥ ಮಳೆಯೇ ಎಷ್ಟೋ ಪಾಲು ಜಾಸ್ತಿ. ಹಾಗಾಗಿ ವಿಮರ್ಶೆ ಓದುವಾಗ ನಾನು ಮೊದಲು ಹುಡುಕುವುದು ಮಳೆಯಲ್ಲಿ ಎಷ್ಟು ದೂರಕ್ಕೆ ನಿಲ್ಲುತ್ತದೆ ಅನ್ನುವುದನ್ನು. ಟೈರ್ ಮಾರುವ ಕಂಪನಿಯಾದ, ಇಂಡಿಯಾನಾದ ಸೌತ್ ಬೆಂಡ್‌ನಲ್ಲಿರುವ ಟೈರ್ ರ‍್ಯಾಕ್ ತನ್ನದೇ ಟ್ರ್ಯಾಕಿನಲ್ಲಿ ಒಂದೇ ಕಾರಿಗೆ ಬೇರೆ ಬೇರೆ ಟೈರ್ ಹಾಕಿ ಇದನ್ನು ಅಳೆಯುತ್ತದೆ. ಆ ಫಲಿತಾಂಶ ಓದದೆ ದುಡ್ಡು ಕೊಡಬೇಡಿ.

ಸೈಜ್ ಓದುವುದು ಸುಲಭ. ನನ್ನ ಕಾರಿನದು 215/40ಆರ್18 85ವೈ. ಅಗಲ 215 ಮಿ.ಮೀ., ಸೈಡ್‌ವಾಲ್ ಅದರ ಶೇ 40, ರಿಮ್ 18 ಇಂಚು. 85 ಅಂದರೆ ಒಂದು ಟೈರ್ 515 ಕೆಜಿ ಹೊರಬಲ್ಲದು, ವೈ ಅಂದರೆ ಗಂಟೆಗೆ 300 ಕಿ.ಮೀ.ವರೆಗೆ ತಾಳಬಲ್ಲದು. ಡಬ್ಲ್ಯೂ ಇದ್ದರೆ 270, ವಿ ಇದ್ದರೆ 240. ಹೊರೆಯ ಅಂಕಿ ಮೂಲ ಟೈರಿನದಕ್ಕಿಂತ ಕಡಿಮೆ ಆಗಲೇಬಾರದು. ವೇಗದ ಅಕ್ಷರವನ್ನೂ ಕೆಳಗಿಳಿಸಬೇಡಿ. ಅಷ್ಟು ವೇಗದಲ್ಲಿ ನಾವು ಹೋಗುವುದಿಲ್ಲ ನಿಜ, ಆದರೆ ಟೈರ್ ಎಷ್ಟು ಗಟ್ಟಿಮುಟ್ಟಾಗಿದೆ, ಬಿಸಿಯನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೂ ಅದು ಗುರುತು.

215/40ಆರ್18 ಅಂಗಡಿಗಳಲ್ಲಿ ಅಷ್ಟು ಸುಲಭಕ್ಕೆ ಸಿಗುವ ಸೈಜ್ ಅಲ್ಲ. ಫೋಕ್ಸ್‌ವ್ಯಾಗನ್ ಜಿಟಿಐಗೆ ಬರುವ 225/40ಆರ್18 ಎಲ್ಲೆಲ್ಲೂ ಸಿಗುತ್ತದೆ, ಬಿಆರ್‌ಝಡ್‌ನ ಏಳೂವರೆ ಇಂಚಿನ ರಿಮ್ಮಿಗೂ ಕೂರುತ್ತದೆ. ಟೈರಿನ ಎತ್ತರ ಬರೀ 8 ಮಿ.ಮೀ. ಜಾಸ್ತಿ. ನಾನು ಮಾತ್ರ ಇನ್ನೊಂದು ದಾರಿ ಹೇಳುತ್ತೇನೆ. ಬೇಸ್ ಮಾಡೆಲ್‌ನ 17 ಇಂಚಿನ ರಿಮ್ ಸಿಕ್ಕರೆ 215/45ಆರ್17 ಹಾಕಿ. ಒಟ್ಟು ಎತ್ತರದಲ್ಲಿ 4 ಮಿ.ಮೀ. ವ್ಯತ್ಯಾಸ ಅಷ್ಟೇ. ಸೈಡ್‌ವಾಲ್ 86ರಿಂದ ಸುಮಾರು 97 ಮಿ.ಮೀ.ಗೆ ಏರುತ್ತದೆ, ಗುಂಡಿಗೆ ಇಳಿದಾಗ ರಿಮ್ ಬಾಗುವ ಭಯ ಕಡಿಮೆ. ಹಳೆಯ 18ರ ಮೇಲೆ ಸಮ್ಮರ್ ಟೈರ್ ಹಾಗೇ ಉಳಿಯಲಿ. ವರ್ಜೀನಿಯಾ ಇಂಟರ್‌ನ್ಯಾಷನಲ್ ರೇಸ್‌ವೇಗೆ ಟ್ರ್ಯಾಕ್ ಡೇ ಅಂತ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು, ಹೋಗುವ ಆಸೆ ಇದ್ದರೆ ಅದನ್ನೇ ಹಾಕಿಕೊಂಡು ಹೋಗಿ. ಆಲ್ ಸೀಸನ್ ಟೈರನ್ನು ಟ್ರ್ಯಾಕಿನಲ್ಲಿ ದುಡಿಸಿದರೆ ಕಾದು ಟ್ರೆಡ್ಡಿನ ಚೂರುಗಳೇ ಕಿತ್ತುಬರುತ್ತವೆ.

ಈಗ ಮಾಡೆಲ್. ಈ ವರ್ಗದಲ್ಲಿ ನಾನು ಮೊದಲು ನೋಡುವುದು ಎರಡನ್ನು. 2020ರಲ್ಲಿ ಬಂದ ಮಿಶೆಲಿನ್ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4, ಮರುವರ್ಷ ಬಂದ ಕಾಂಟಿನೆಂಟಲ್ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಡಿಡಬ್ಲ್ಯೂಎಸ್ 06 ಪ್ಲಸ್. ಮೊದಲನೆಯದಕ್ಕೆ 45,000 ಮೈಲಿ ವಾರಂಟಿ, ಎರಡನೆಯದಕ್ಕೆ 50,000. ಒದ್ದೆ ಹಿಡಿತದಲ್ಲಿ ಎರಡೂ ಎಎ. ಸ್ಟೀರಿಂಗ್ ಚುರುಕಾಗಿಯೇ ಇರಬೇಕು ಅನ್ನುವವರಿಗೆ ಮಿಶೆಲಿನ್. ಅದರಲ್ಲಿ ಸಮ್ಮರ್ ಟೈರಿನ ಗುಣ ಹೆಚ್ಚು ಉಳಿದಿದೆ. ಸವಾರಿ ಸ್ವಲ್ಪ ಮೆತ್ತಗಿರಲಿ, ದುಡ್ಡೂ ಸ್ವಲ್ಪ ಉಳಿಯಲಿ ಅನ್ನುವವರಿಗೆ ಕಾಂಟಿನೆಂಟಲ್.

ಕಾಂಟಿನೆಂಟಲ್‌ನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಕೆಲಸವಿದೆ. ಟ್ರೆಡ್ ಮೇಲೆಯೇ ಡಿ, ಡಬ್ಲ್ಯೂ, ಎಸ್ ಅಂತ ಮೂರು ಸಣ್ಣ ಅಕ್ಷರ ಕೊರೆದಿರುತ್ತಾರೆ. ಒಣ ರಸ್ತೆ, ಮಳೆ, ಹಿಮ. ಟೈರ್ ಸವೆದಂತೆ ಮೊದಲು ಎಸ್ ಅಳಿಸಿಹೋಗುತ್ತದೆ. ಇನ್ನು ಹಿಮಕ್ಕೆ ಇದು ಆಗದು ಅಂತ ಅರ್ಥ. ಆಮೇಲೆ ಡಬ್ಲ್ಯೂ ಹೋಗುತ್ತದೆ. ಗೇಜ್ ಬೇಡ, ಲೆಕ್ಕ ಬೇಡ. ಕಾರು ತೊಳೆಯುವಾಗ ಬೆರಳಾಡಿಸಿದರೆ ಸಾಕು.

ಮೇಲೆ ಹೇಳಿದ ಎರಡು ಟೈರಿಗೂ ಮೂರು ಶಿಖರದ ಮಧ್ಯೆ ಹಿಮದ ಹರಳಿನ ಗುರುತು, ಅಂದರೆ ಹಿಮಕ್ಕೆ ತಕ್ಕ ಟೈರ್ ಅಂತ ಸೈಡ್‌ವಾಲ್ ಮೇಲೆ ಹಾಕುವ ಚಿತ್ರ, ಇಲ್ಲ. ಆ ಗುರುತು ಬೇಕಾದರೆ ಹಿಮದ ಮೇಲೆ ಪರೀಕ್ಷೆ ಪಾಸಾಗಿರಬೇಕು. ಎಂ+ಎಸ್ (ಮಡ್ ಅಂಡ್ ಸ್ನೋ, ಕೆಸರು ಮತ್ತು ಹಿಮ) ಅನ್ನುವುದು ಬರೀ ಟ್ರೆಡ್ಡಿನ ಆಕಾರ ನೋಡಿ ಹಾಕುವ ಗುರುತು, ಅದಕ್ಕೆ ಮರುಳಾಗಬೇಡಿ. ಬೂನ್, ಆಶ್‌ವಿಲ್ ಕಡೆ ಬೆಟ್ಟದ ಮೇಲೆ ಮನೆ ಇರುವವರು ಆ ಗುರುತು ಇರುವ ಟೈರ್ ನೋಡುವುದು ಒಳ್ಳೆಯದು. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2 ಅಂಥದ್ದು. ಸ್ಟೀರಿಂಗ್ ಇನ್ನಷ್ಟು ಮಂದವಾಗುತ್ತದೆ, ಆದರೆ ಅಲ್ಲಿ ಅದು ನ್ಯಾಯವಾದ ಬೆಲೆ.

"ಸ್ಪೋರ್ಟ್ಸ್ ಕಾರಿಗೆ ಆಲ್ ಸೀಸನ್ನಾ?" ಅಂತ ಯಾರಾದರೂ ಕೇಳಿದರೆ ಬೇಜಾರು ಮಾಡ್ಕೋಬೇಡಿ. 2020ರಲ್ಲಿ ಬಂದ ಕಾರ್ವೆಟ್ ಸ್ಟಿಂಗ್ರೇಗೆ ಶೆವ್ರೊಲೆ ಕಂಪನಿಯೇ ಆಲ್ ಸೀಸನ್ ಟೈರ್ ಹಾಕಿ ಮಾರಿತು. ಸಮ್ಮರ್ ಟೈರ್ ಬಂದದ್ದು ಝಡ್51 ಅನ್ನುವ ಪರ್ಫಾರ್ಮೆನ್ಸ್ ಪ್ಯಾಕೇಜ್ ತಗೊಂಡವರಿಗೆ. ಆದರೆ ಕಾರ್ವೆಟ್‌ನಂಥ ಕಾರಿನಲ್ಲಿ ಮುಂದೆ 245, ಹಿಂದೆ 305 ಅಗಲದ ಟೈರ್. ಮುಂದಿನದನ್ನು ಹಿಂದೆ ಹಾಕಿ ರೊಟೇಶನ್ ಮಾಡಲು ಆಗುವುದಿಲ್ಲ. ವಾರಂಟಿಗೆ ರೊಟೇಶನ್ ಮಾಡಿಸಿದ ಸಾಕ್ಷಿ ಕೇಳುತ್ತಾರೆ, ಹಾಗಾಗಿ ವಾರಂಟಿ ಕಾಗದ ಓದುವಾಗ ಇದನ್ನು ನೆನಪಿಡಿ. ಪೋರ್ಶೆ ಇದ್ದವರು ಸೈಡ್‌ವಾಲ್ ಮೇಲೆ ಪೋರ್ಶೆ ಒಪ್ಪಿದ ಟೈರ್ ಅಂತ ತಿಳಿಸುವ ಎನ್0, ಎನ್1ರಂಥ ಗುರುತು ಇದೆಯಾ ಅಂತಲೂ ನೋಡಬೇಕು.

ಅಂಗಡಿಯಲ್ಲಿ ಟೈರನ್ನು ರಿಮ್ಮಿಗೆ ಏರಿಸುವ ಮೊದಲೇ ಸೈಡ್‌ವಾಲ್ ಮೇಲೆ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3524 ಅಂದರೆ 2024ರ 35ನೇ ವಾರ ತಯಾರಾದದ್ದು. ತುಂಬಾ ಹಳೆಯದಾದರೆ ಬೇರೆ ಕೊಡಿ ಅಂತ ಕೇಳಿ, ಸಂಕೋಚ ಬೇಡ. ಔಟ್‌ಸೈಡ್ ಅಂತ ಬರೆದ ಮುಖ ನಾಲ್ಕೂ ಕಡೆ ಹೊರಗೇ ಇರಬೇಕು. ಬಿಆರ್‌ಝಡ್‌ನ ನಟ್‌ಗಳಿಗೆ 120 ನ್ಯೂಟನ್ ಮೀಟರ್ ಬಿಗಿ ಸಾಕು. ನಟ್ ಬಿಗಿಯುವ ಗನ್ನಿನಲ್ಲಿ ಸುಮ್ನೆ ಬಿಗಿದು ಬಿಡದೆ, ಬಿಗಿ ಅಳೆಯುವ ಟಾರ್ಕ್ ರೆಂಚ್ ಹಾಕುತ್ತಾರಾ ಅಂತ ನಿಂತು ನೋಡಿ, 50 ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ಹೊಸ ಟೈರಿನ ಮೈ ಮೇಲೆ ಅಚ್ಚಿನಿಂದ ಬಂದ ಜಾರಿಕೆ ಉಳಿದಿರುತ್ತದೆ. ಮೊದಲ 500 ಮೈಲಿ ತಿರುವುಗಳಲ್ಲಿ ಅವಸರ ಬೇಡ.

ಆಮೇಲೆ ಗಾಳಿ. ಉಷ್ಣತೆ 10 ಫ್ಯಾರನ್‌ಹೀಟ್ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಸೆಪ್ಟೆಂಬರ್‌ನಲ್ಲಿ ಸರಿಯಾಗಿ ತುಂಬಿಸಿದ ಟೈರ್ ಜನವರಿ ಬೆಳಗ್ಗೆಗೆ 5 ಪಿಎಸ್‌ಐ ಕಡಿಮೆ ಇರುತ್ತದೆ. ಟೈರ್ ತಣ್ಣಗಿರುವಾಗ, ಬಾಗಿಲ ಪಕ್ಕದ ಸ್ಟಿಕ್ಕರ್ ನೋಡಿ ತುಂಬಿಸಿ. 5,000ದಿಂದ 7,500 ಮೈಲಿಗೊಮ್ಮೆ ರೊಟೇಶನ್ ಮಾಡಿಸಿ, ರಸೀದಿ ಎತ್ತಿಡಿ. ವಾರಂಟಿಗೆ ಅದೇ ಸಾಕ್ಷಿ.

ಹೊಸ ಟ್ರೆಡ್ ಆಳ ಸುಮಾರು 8 ಮಿ.ಮೀ. ಕಾನೂನಿನ ಕನಿಷ್ಠ ಇಲ್ಲೂ ಭಾರತದಲ್ಲೂ 1.6. ಅಲ್ಲಿಯವರೆಗೆ ಕಾಯಬೇಡಿ. ಒಂದು ಕ್ವಾರ್ಟರ್ ನಾಣ್ಯವನ್ನು, ಅಂದರೆ ಇಲ್ಲಿಯ 25 ಸೆಂಟನ್ನು, ಅದರ ಮೇಲಿನ ವಾಷಿಂಗ್ಟನ್ ತಲೆ ಕೆಳಗಾಗಿ ಟ್ರೆಡ್ಡಿನ ಗಾಡಿಯೊಳಗೆ ಇಳಿಸಿ. ತಲೆಯ ತುದಿಗೂ ಟ್ರೆಡ್ ಮುಟ್ಟದಿದ್ದರೆ 3.2 ಮಿ.ಮೀ.ಗಿಂತ ಕಡಿಮೆ ಉಳಿದಿದೆ, ಮಳೆಗೆ ಇನ್ನು ನಂಬುವ ಹಾಗಿಲ್ಲ. ಸಾಧ್ಯವಾದರೆ ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಎರಡಕ್ಕೇ ದುಡ್ಡು ಸಾಲುವುದಾದರೆ ಅದೇ ಮಾಡೆಲ್ಲಿನ ಎರಡು ತಗೊಂಡು ಹಿಂದಕ್ಕೆ ಹಾಕಿಸಿ. ಹಿಂದೆ ಹಿಡಿತ ಕಡಿಮೆಯಾದರೆ ಒದ್ದೆ ತಿರುವಿನಲ್ಲಿ ಕಾರು ಗಿರ್ರನೆ ತಿರುಗಿ ನಿಲ್ಲುವುದು ಈ ಕಾರುಗಳಲ್ಲೇ ಜಾಸ್ತಿ.