ಅಮೆರಿಕಕ್ಕೆ ಹೊರಟವರಿಗೆ: ದಿನಸಿ ಕೂಪನ್ ಜೋಡಿಸಿಟ್ಟುಕೊಳ್ಳುವ ಬಗೆ

ಅಮೆರಿಕದ ಅಂಗಡಿಗಳಲ್ಲಿ ಎಂಆರ್‌ಪಿ ಇಲ್ಲ. ಕೂಪನ್ ಮಾತಿಗೆ ಮೊದಲು ಇದೊಂದು ತಲೆಯಲ್ಲಿರಲಿ. ಬೆಂಗಳೂರಿನಲ್ಲಿ ಟೂತ್‌ಪೇಸ್ಟನ್ನು ಗಾಂಧಿ ಬಜಾರಿನಲ್ಲಿ ಕೊಳ್ಳಿ, ಯಲಹಂಕದಲ್ಲಿ ಕೊಳ್ಳಿ, ಡಬ್ಬಿಯ ಮೇಲೆ ಅಚ್ಚಾದ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೇಳುವ ಹಾಗಿಲ್ಲ. ತೆರಿಗೆಯೂ ಅದರಲ್ಲೇ ಸೇರಿರುತ್ತದೆ. ಅಲ್ಲಿ ಬೆಲೆ ಇಡುವುದು ಅಂಗಡಿಯವರ ಇಷ್ಟ. ಅದೇ ಪೇಸ್ಟು ಈ ವಾರ ಒಂದು ಕಡೆ 4 ಡಾಲರ್, ರಸ್ತೆಯಾಚೆ 5, ಮುಂದಿನ ವಾರ ಎರಡೂವರೆ ಇದ್ದರೂ ಇರಬಹುದು. ಬೆಲೆ ಹೀಗೆ ಏರಿಳಿಯುವುದರಿಂದಲೇ ಯಾವ ಕೂಪನ್ನನ್ನು ಯಾವ ವಾರ ಕೊಡಬೇಕು ಎನ್ನುವುದು ಮುಖ್ಯವಾಗುತ್ತದೆ.

ನಾನು ಓಹಾಯೋದ ಕೊಲಂಬಸ್ಸಿನಲ್ಲಿ ಸಂಸಾರ ಹೂಡಿ ಬಹಳ ವರ್ಷವಾಯಿತು. ಜೂನ್, ಜುಲೈನಲ್ಲಿ ಜಯನಗರಕ್ಕೆ, ಅಮ್ಮನ ಮನೆಗೆ ಬರುತ್ತೇನೆ. ಆಗಸ್ಟ್ ಸೆಮಿಸ್ಟರಿಗೆ ಹೊರಡುವ ಮಕ್ಕಳು, ಮದುವೆಯಾಗಿ ಹೊಸದಾಗಿ ಹೊರಟ ಹೆಣ್ಣುಮಕ್ಕಳು ಬಂದು ಕೇಳುವ ಪ್ರಶ್ನೆಗಳಲ್ಲಿ ದಿನಸಿ ಖರ್ಚಿನದು ಇದ್ದೇ ಇರುತ್ತದೆ. ಮೊನ್ನೆ ಎದುರು ಮನೆಯ ಹುಡುಗಿ, "ಆಂಟಿ, ಕೂಪನ್ ಅಂದ್ರೆ ಬಿಗ್‌ಬಾಸ್ಕೆಟ್‌ನಲ್ಲಿ ಕೋಡ್ ಹಾಕ್ತೀವಲ್ಲ, ಹಾಗೇ ತಾನೆ?" ಅಂದಳು. "ಹಾಗಲ್ಲ ಕಣಮ್ಮ" ಅಂದೆ. ಇಲ್ಲಿ ಕೋಡ್ ಹಾಕಿದರೆ ಸಾಮಾನ್ಯವಾಗಿ ಒಟ್ಟು ಬಿಲ್ಲಿನಲ್ಲಿ ಇಷ್ಟು ಅಂತ ಇಳಿಯುತ್ತದೆ. ಅಲ್ಲಿಯ ಕೂಪನ್ ಹೆಚ್ಚಾಗಿ ಒಂದೊಂದು ಸಾಮಾನಿಗೆ ಬೇರೆಬೇರೆ: ಇದೇ ಕಂಪನಿಯದು, ಇಷ್ಟೇ ಅಳತೆಯದು, ಈ ತಾರೀಖಿನೊಳಗೆ ಎಂಬ ಕಟ್ಟುಪಾಡಿನೊಂದಿಗೆ ಬರುತ್ತದೆ. ಆದ್ದರಿಂದಲೇ ಅವುಗಳನ್ನು ಜೋಡಿಸಿಟ್ಟುಕೊಳ್ಳಬೇಕು.

ನನಗೆ ಖಚಿತವಾಗಿ ಗೊತ್ತಿರುವ ವಿಷಯವೆಂದರೆ, ನಮ್ಮಂಥವರ ಮನೆಗೆ ಕೂಪನ್ನಿನ ಉಳಿತಾಯ ಬರುವುದು ಅಡುಗೆಮನೆಗಿಂತ ಹೆಚ್ಚಾಗಿ ಬಚ್ಚಲಮನೆಯಿಂದ. ಕೂಪನ್ ಹೊರಡಿಸುವುದು ದೊಡ್ಡ ಕಂಪನಿಗಳು. ಅವು ಮಾರುವುದು ಸೀರಿಯಲ್, ಫ್ರೋಜನ್ ಪಿಜ್ಜಾ, ಚಿಪ್ಸ್, ಸೋಡಾ. ನಾವು ತಿನ್ನುವುದು ಅನ್ನ, ಹುಳಿ, ಪಲ್ಯ, ಮೊಸರು. ಸೋನಾ ಮಸೂರಿಗೆ, ತೊಗರಿಬೇಳೆಗೆ, ಚಿರೋಟಿ ರವೆಗೆ ಪಟೇಲ್ ಬ್ರದರ್ಸ್‌ನಂಥ ನಮ್ಮ ಕಡೆಯ ಅಂಗಡಿಗೇ ಹೋಗಬೇಕು. ಅಲ್ಲಿ ನೋಡಬೇಕಾದ್ದು ವಾರದ ರಿಯಾಯಿತಿ ಪಟ್ಟಿ ಮಾತ್ರ. 20 ಪೌಂಡಿನ ಅಕ್ಕಿ ಚೀಲ, ಅಂದರೆ ಸುಮಾರು 9 ಕೆಜಿ, ಹಬ್ಬದ ಹೊತ್ತಿಗೆ ಅಗ್ಗವಾದಾಗ ಎರಡು ಹೊತ್ತುಕೊಂಡು ಬಂದರೆ ಮುಗಿಯಿತು. ಕೂಪನ್ ಕೆಲಸಕ್ಕೆ ಬರುವುದು ಸೋಪು, ಶಾಂಪೂ, ಟೂತ್‌ಪೇಸ್ಟ್, ಬಟ್ಟೆ ಒಗೆಯುವ ಡಿಟರ್ಜೆಂಟ್, ಪಾತ್ರೆ ಸೋಪು, ಪೇಪರ್ ಟವೆಲ್, ಮಗುವಿದ್ದರೆ ಡೈಪರ್. ಇವು ಕೆಡುವುದಿಲ್ಲ, ಬೇಗ ಮುಗಿಯುತ್ತವೆ, ಬೆಲೆಯೂ ಜೋರು. ಅಡುಗೆಮನೆಯ ಪೈಕಿ ಬೆಣ್ಣೆ, ಚೀಸ್, ಕಾಫಿ, ಎಣ್ಣೆ, ಅಷ್ಟೇ. ಮೊಸರಿನ ಕೂಪನ್ ಬಹಳ ಕಾಣಿಸುತ್ತದೆ, ಆದರೆ ಅದು ಹೆಚ್ಚಾಗಿ ಹಣ್ಣಿನ ರುಚಿಯ ಪುಟ್ಟ ಕಪ್ಪುಗಳಿಗೆ. ಒಂದು ಗ್ಯಾಲನ್, ಎಂದರೆ 3.78 ಲೀಟರ್ ಹಾಲು ತಂದು ಮನೆಯಲ್ಲೇ ಹೆಪ್ಪು ಹಾಕಿ.

ಈ ಒಂದು ವಿಂಗಡಣೆ ಮಾಡಿಕೊಂಡರೆ ಮುಕ್ಕಾಲು ಪಾಲು ಕೂಪನ್ನನ್ನು ತಿರುಗಿಯೂ ನೋಡಬೇಕಿಲ್ಲ. ಹೊಸದಾಗಿ ಹೋದವರು ಸಿಕ್ಕಿದ್ದನ್ನೆಲ್ಲ ಕತ್ತರಿಸಿಟ್ಟು, ಅರ್ಧ ಡಾಲರ್ ಉಳಿಯಿತೆಂದು ಬೇಡದ ಸೀರಿಯಲ್ ತಂದು ಅಟ್ಟಕ್ಕೆ ಏರಿಸುವುದನ್ನು ನೋಡಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕೂಪನ್ ಬೇಡ.

ಕೂಪನ್ನಿನಲ್ಲಿ ಎರಡು ಜಾತಿ. ಒಂದು ತಯಾರಕ ಕಂಪನಿಯದು. ಕೂಪನ್ ಒಪ್ಪುವ ಯಾವ ಅಂಗಡಿಯಲ್ಲಾದರೂ ನಡೆಯುತ್ತದೆ, ಅಂಗಡಿಯವರು ಆ ಹಣವನ್ನು ಕಂಪನಿಯಿಂದ ವಸೂಲು ಮಾಡಿಕೊಳ್ಳುತ್ತಾರೆ. ಇನ್ನೊಂದು ಅಂಗಡಿಯದ್ದೇ, ಅಲ್ಲಿ ಮಾತ್ರ ಚಲಾವಣೆ. ಒಂದೇ ಸಾಮಾನಿಗೆ ಕಂಪನಿಯದೊಂದು, ಅಂಗಡಿಯದೊಂದು, ಎರಡನ್ನೂ ಸೇರಿಸಿ ಕೊಡಲು ಬಹಳ ಅಂಗಡಿಗಳು ಬಿಡುತ್ತವೆ. ಕಂಪನಿಯವೇ ಎರಡನ್ನು ಒಂದು ಸಾಮಾನಿಗೆ ಕೊಡುವ ಹಾಗಿಲ್ಲ, ಒಂದು ಕಾಗದದ್ದು, ಒಂದು ಫೋನಿನದ್ದು ಆದರೂ ಅಷ್ಟೆ. ಸದಸ್ಯರಿಗಷ್ಟೇ ಮಾರುವ ಕಾಸ್ಟ್‌ಕೋ ಎಂಬ ದೊಡ್ಡ ಸಗಟು ಅಂಗಡಿಯಲ್ಲಿ ಕಂಪನಿ ಕೂಪನ್ ತೆಗೆದುಕೊಳ್ಳುವುದಿಲ್ಲ. ಅವರ ರಿಯಾಯಿತಿ ಬಿಲ್ ಹಾಕುವಾಗ ತಾನಾಗಿಯೇ ಇಳಿಯುತ್ತದೆ.

ಭಾನುವಾರದ ಪತ್ರಿಕೆಯೊಳಗೆ ಬರುವ ಬಣ್ಣದ ಪುರವಣಿಯಲ್ಲಿ ಕಾಗದದ ಕೂಪನ್ ಈಗಲೂ ಇರುತ್ತದೆ, ಆದರೆ ಬಹುಪಾಲು ಫೋನಿಗೆ ಬಂದುಬಿಟ್ಟಿದೆ. ದಿನಸಿ ಅಂಗಡಿಗಳೆಂದರೆ ನಮ್ಮ ಕೊಲಂಬಸ್ಸಿನಲ್ಲಿ ಕ್ರೋಗರ್, ಕ್ಯಾಲಿಫೋರ್ನಿಯಾದಲ್ಲಿ ಸೇಫ್‌ವೇ, ಟೆಕ್ಸಸ್‌ನಲ್ಲಿ ಎಚ್‌ಇಬಿ, ಫ್ಲಾರಿಡಾ, ಜಾರ್ಜಿಯಾ ಕಡೆ ಪಬ್ಲಿಕ್ಸ್, ನ್ಯೂಜೆರ್ಸಿಯಲ್ಲಿ ಶಾಪ್‌ರೈಟ್, ಹೀಗೆ ಒಂದೊಂದು ಕಡೆಗೆ ಒಂದೊಂದು. ನಿಮ್ಮ ಮನೆಗೆ ಹತ್ತಿರವಿರುವ ಒಂದನ್ನು ಮುಖ್ಯ ಅಂಗಡಿ ಮಾಡಿಕೊಳ್ಳಿ. ಐದು ಅಂಗಡಿ ಸುತ್ತಿದರೆ ಉಳಿದದ್ದು ಪೆಟ್ರೋಲಿಗೇ ಹೋಗುತ್ತದೆ. ಕಾರಿಲ್ಲದ ವಿದ್ಯಾರ್ಥಿಗಳಿಗಂತೂ ಅದು ಆಗದ ಮಾತು. ಅಮೆರಿಕದ ಸಿಮ್ ಸಿಕ್ಕ ಕೂಡಲೇ ಆ ನಂಬರಿನಲ್ಲಿ ಅಂಗಡಿಯ ಸದಸ್ಯತ್ವ ಮಾಡಿಸಿ, ದುಡ್ಡೇನೂ ಇಲ್ಲ. ಬಿಲ್ ಕೌಂಟರಿನಲ್ಲಿ ಫೋನ್ ನಂಬರ್ ಒತ್ತಿದರೆ ಸಾಕು. ಆದರೆ ಆ್ಯಪ್‌ನಲ್ಲಿ ಕೂಪನ್ ಮೇಲೆ ಮೊದಲೇ ಬೆರಳೊತ್ತಿ ನಿಮ್ಮ ಖಾತೆಗೆ ಸೇರಿಸಿಕೊಂಡಿರಬೇಕು. ಸುಮ್ಮನೆ ನೋಡಿಕೊಂಡು ಹೋದರೆ ಒಂದು ಸೆಂಟೂ ಇಳಿಯುವುದಿಲ್ಲ.

ಇನ್ನು ಜೋಡಿಸುವುದು. ದೊಡ್ಡ ಫೈಲು, ಪ್ಲಾಸ್ಟಿಕ್ ಹಾಳೆ ಏನೂ ಬೇಡ. ನಾಲ್ಕು ಉದ್ದನೆಯ ಲಕೋಟೆ ತೆಗೆದುಕೊಳ್ಳಿ: ಬಚ್ಚಲಿಗೊಂದು, ಬಟ್ಟೆ ಪಾತ್ರೆ ತೊಳೆಯುವುದಕ್ಕೊಂದು, ಹಾಲು ಬೆಣ್ಣೆಗೊಂದು, ಮಗುವಿನದೊಂದು. ಒಳಗೆ ಬೇಗ ಅವಧಿ ಮುಗಿಯುವುದು ಮುಂದೆ, ನಿಧಾನದ್ದು ಹಿಂದೆ. ತಾರೀಖು ಓದುವಾಗ ಮೈಯೆಲ್ಲ ಕಣ್ಣಾಗಿರಲಿ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 08/05 ಎಂದಿದ್ದರೆ ಆಗಸ್ಟ್ 5. ನಮ್ಮ ಲೆಕ್ಕದಲ್ಲಿ ಮೇ 8 ಎಂದುಕೊಂಡು ಒಳ್ಳೆಯ ಕೂಪನ್ನನ್ನು ಕಸದಬುಟ್ಟಿಗೆ ಎಸೆದೀರಿ. ಬಿಲ್ಲಿನ ಜೊತೆ ಯಂತ್ರದಿಂದ ಹೊರಬರುವ ಉದ್ದನೆಯ ಚೀಟಿಗಳನ್ನೂ ಅಲ್ಲೇ ಮುದುರಿ ಎಸೆಯಬೇಡಿ, ಮುಂದಿನ ಸಲದ ಕೂಪನ್ ಎಷ್ಟೋ ಸಲ ಅದರಲ್ಲೇ ಇರುತ್ತದೆ.

ವಾರಕ್ಕೆ ಅರ್ಧ ಗಂಟೆ ಸಾಕು. ಅಂಗಡಿಯ ವಾರದ ಜಾಹೀರಾತು ಬಹಳ ಕಡೆ ಬುಧವಾರ ಬದಲಾಗುತ್ತದೆ. ಮೊದಲು ಮನೆಯಲ್ಲಿ ಏನು ಮುಗಿದಿದೆ ಎಂದು ಪಟ್ಟಿ ಬರೆಯಿರಿ, ಆಮೇಲೆ ಜಾಹೀರಾತು ನೋಡಿ, ಕೊನೆಗೆ ಕೂಪನ್. ಈ ಕ್ರಮ ತಿರುಗುಮುರುಗಾದರೆ ಕೂಪನ್ನೇ ನಿಮ್ಮಿಂದ ಖರ್ಚು ಮಾಡಿಸುತ್ತದೆ. ಪಟ್ಟಿಯಲ್ಲಿ ಕೂಪನ್ ಇರುವ ಸಾಮಾನಿನ ಮುಂದೆ ಒಂದು ಗುರುತು ಹಾಕಿ, ಆ ಕೂಪನ್ನುಗಳನ್ನಷ್ಟೇ ತೆಗೆದು ಪಟ್ಟಿಗೆ ಪಿನ್ ಮಾಡಿ.

ಇದರ ಜೊತೆಗೆ ಒಂದು ಪುಟ್ಟ ನೋಟ್‌ಬುಕ್ಕು ಬೇಕು. ನೀವು ಮತ್ತೆಮತ್ತೆ ಕೊಳ್ಳುವ ಹದಿನೈದು ಇಪ್ಪತ್ತು ಸಾಮಾನು, ಪ್ರತಿಯೊಂದರ ಮುಂದೆ ನೀವು ಕಂಡ ಅತಿ ಕಡಿಮೆ ಬೆಲೆ, ತಿಂಗಳು. ಎಂಆರ್‌ಪಿ ಇಲ್ಲದ ಊರಿನಲ್ಲಿ ಈ ಪುಸ್ತಕವೇ ನಿಮ್ಮ ಎಂಆರ್‌ಪಿ. ಸಾಮಾನ್ಯವಾಗಿ ಒಂದು ವಸ್ತುವಿನ ಬೆಲೆ 6ರಿಂದ 12 ವಾರಕ್ಕೊಮ್ಮೆ ತಳ ಮುಟ್ಟುತ್ತದೆ. ಡಿಟರ್ಜೆಂಟ್ 12 ಡಾಲರ್ ಇದ್ದಾಗ 3 ಡಾಲರ್ ಕೂಪನ್ ಕೊಟ್ಟರೆ 9 ಆಯಿತು. ಅದು 9ಕ್ಕೆ ಇಳಿಯುವ ವಾರದವರೆಗೆ ಕೂಪನ್ ಇಟ್ಟುಕೊಂಡರೆ 6. ಕೂಪನ್ ಬಂದ ದಿನವೇ ಓಡಬೇಡಿ, ಅವಧಿ ಇರುವಷ್ಟು ದಿನ ಕಾಯಿರಿ.

ಬೆಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್‌ನಿಂದ ಕ್ರಿಸ್‌ಮಸ್‌ವರೆಗೆ ಅವರೆಲ್ಲ ಕೇಕು, ಕುಕಿ ಬೇಯಿಸುವ ಕಾಲ. ಬೆಣ್ಣೆ, ಸಕ್ಕರೆ, ಹಿಟ್ಟು ಅಗ್ಗವಾಗುತ್ತವೆ. ಒಂದು ಪೌಂಡಿನ ಡಬ್ಬಿ, ಎಂದರೆ 454 ಗ್ರಾಂ, ತೆರೆದರೆ ಕಾಗದ ಸುತ್ತಿದ ನಾಲ್ಕು ಕಡ್ಡಿ ಇರುತ್ತವೆ, ಕಾಗದದ ಮೇಲೆ ಚಮಚದ ಅಳತೆಯ ಗೆರೆಗಳೂ ಇರುತ್ತವೆ. ಉಪ್ಪಿಲ್ಲದ್ದನ್ನೇ ಆರಿಸಿ, ಆ ವಾರ ಎಷ್ಟು ಡಬ್ಬಿ ಮಿತಿ ಎಂದು ಜಾಹೀರಾತಿನಲ್ಲಿ ನೋಡಿ, ಕೂಪನ್ ಸೇರಿಸಿ ತಂದು ಫ್ರೀಜರಿನಲ್ಲಿಡಿ. ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಬೇಕಾದಾಗ ನಾಲ್ಕು ಕಡ್ಡಿ ದಪ್ಪ ತಳದ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಘಮಘಮಿಸುವ ತುಪ್ಪ. ಹೊರಗೆ ಹಿಮ ಬೀಳುವಾಗ ಬಿಸಿ ಅನ್ನ, ಸಾರಿಗೆ ಮನೆಯ ತುಪ್ಪ ಇರಬೇಕೆಂಬುದು ನನ್ನ ಹಟ. ಅಂಗಡಿಯ ತುಪ್ಪಕ್ಕಿಂತ ಎಷ್ಟೋ ಅಗ್ಗವೂ ಹೌದು.

ಕಪಾಟಿನ ಅಂಚಿನ ಬೆಲೆ ಚೀಟಿಯಲ್ಲಿ ಒಟ್ಟು ಬೆಲೆಯ ಪಕ್ಕ ಸಣ್ಣಕ್ಷರದಲ್ಲಿ ಔನ್ಸಿಗೆಷ್ಟು ಎಂದು ಬರೆದಿರುತ್ತದೆ. ಒಂದು ಔನ್ಸು ಸುಮಾರು 28 ಗ್ರಾಂ. ದೊಡ್ಡ ಡಬ್ಬಿ ಅಗ್ಗ ಎಂಬ ನಮ್ಮ ಲೆಕ್ಕ ಕೂಪನ್ ಇದ್ದಾಗ ಎಷ್ಟೋ ಸಲ ನಡೆಯುವುದಿಲ್ಲ. ಒಂದು ಡಾಲರ್ ಕೂಪನ್ ಆರು ಡಾಲರಿನ ಡಬ್ಬಿಗಿಂತ ಎರಡು ಡಾಲರಿನ ಡಬ್ಬಿಯ ಮೇಲೆ ಹೆಚ್ಚು ಫಲ ಕೊಡುತ್ತದೆ. ಕೂಪನ್ನಿನಲ್ಲಿ ಅಳತೆಯ ಕಟ್ಟಳೆ ಇಲ್ಲದಿದ್ದರೆ ಚಿಕ್ಕದನ್ನೇ ನೋಡಿ. ಅಂಗಡಿಯ ಸ್ವಂತ ಹೆಸರಿನ ಸಾಮಾನು ಕೂಪನ್ ಇಲ್ಲದೆಯೂ ಇನ್ನೂ ಅಗ್ಗವಿದ್ದರೆ ಅದನ್ನೇ ತನ್ನಿ.

ಬಿಲ್ ಹಾಕುವಾಗ ಪರದೆ ನೋಡುತ್ತಿರಿ, ಇಳಿಯದಿದ್ದರೆ ಅಲ್ಲೇ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ರಿಯಾಯಿತಿಯ ಸಾಮಾನು ಖಾಲಿಯಾಗಿದ್ದರೆ ರೇನ್ ಚೆಕ್ ಕೊಡುತ್ತೀರಾ ಎಂದು ಗ್ರಾಹಕ ಸೇವೆಯ ಕೌಂಟರಿನಲ್ಲಿ ವಿಚಾರಿಸಿ. ಕೊಟ್ಟರೆ ಆಮೇಲೆ ಬಂದಾಗಲೂ ಅದೇ ಬೆಲೆ. ತೆರಿಗೆ ಇರುವ ವಸ್ತುಗಳಿಗೆ ಬಹಳ ರಾಜ್ಯಗಳಲ್ಲಿ ಕಂಪನಿ ಕೂಪನ್ ಕಳೆಯುವ ಮೊದಲಿನ ಬೆಲೆಯ ಮೇಲೆ ತೆರಿಗೆ ಹಾಕುತ್ತಾರೆ. ಹಾಗಾಗಿ ನಿಮ್ಮ ಲೆಕ್ಕಕ್ಕಿಂತ ಕೆಲವು ಸೆಂಟು ಹೆಚ್ಚು ಬಂದರೆ ಗಾಬರಿ ಬೇಡ.

ಒಂದನ್ನು ಮಾತ್ರ ಮಾಡಲೇಬೇಡಿ. ಕೂಪನ್ನಿನ ಜೆರಾಕ್ಸ್ ಮಾಡಿಸುವುದು, ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಮಾರುವ ಕೂಪನ್ ಕೊಳ್ಳುವುದು ವಂಚನೆಯ ಕೇಸಾಗಬಹುದು. ವರ್ಜೀನಿಯಾದಲ್ಲಿ ನಕಲಿ ಕೂಪನ್ ತಯಾರಿಸಿ ಮಾರಿದ ಮಹಿಳೆಯೊಬ್ಬರಿಗೆ 2021ರಲ್ಲಿ 12 ವರ್ಷ ಜೈಲಾಯಿತು, ನಷ್ಟ 3.1 ಕೋಟಿ ಡಾಲರಿಗೂ ಮೇಲೆ. ವೀಸಾ ಮೇಲಿರುವ ನಮ್ಮ ಮಕ್ಕಳು ಎರಡು ಡಾಲರಿನ ಆಸೆಗೆ ಅದರ ಹತ್ತಿರವೂ ಸುಳಿಯಬಾರದು.

ಇದೆಲ್ಲ ಗೊತ್ತಾದ ಮೇಲೆ ಬೆಂಗಳೂರಿನಲ್ಲಿ ಪ್ಯಾಕ್ ಮಾಡುವ ರೀತಿಯೂ ಬದಲಾಗಬೇಕು. ಒಂದು ಸೂಟ್‌ಕೇಸಿಗೆ ಸಾಮಾನ್ಯವಾಗಿ 23 ಕೆಜಿ ಮಿತಿ. ಅದರಲ್ಲಿ ವರ್ಷಕ್ಕಾಗುವಷ್ಟು ಸೋಪು, ಪೇಸ್ಟು, ಶಾಂಪೂ ತುಂಬಿಸುವ ಅಮ್ಮಂದಿರಿಗೆ ಬೇಡ ಎನ್ನಿ. ಮೊದಲ ವಾರಕ್ಕೊಂದು ಸಾಕು, ಅಲ್ಲಿ ಕೂಪನ್ನಿನಿಂದ ಅತಿ ಸುಲಭವಾಗಿ ಸಿಗುವುದು ಅವೇ. ಆ ತೂಕಕ್ಕೆ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಒಂದು ಮೂರು ಲೀಟರಿನ ಕುಕ್ಕರ್, ಅದರ ಗ್ಯಾಸ್ಕೆಟ್ಟು ಎರಡು ಇಟ್ಟುಕೊಳ್ಳಿ. ಪುಡಿಗಳಿಗೆ ಹೆಸರು ಬರೆದು ಅಂಟಿಸಿ, ವಿಮಾನ ಇಳಿದಾಗ ತಿನ್ನುವ ಪದಾರ್ಥ ತಂದಿದ್ದೇನೆಂದು ತಪ್ಪದೆ ಹೇಳಿ.