ಅಂಗಾಲಿನ ಕಪ್ಪು ಕಲೆಗೆ ಒಂದು ತೊಟ್ಟು ಶಾಯಿ

"ಕೊಯ್ಲಿಕ್ಕೆ ಉಂಟಾ ಡಾಕ್ಟ್ರೇ?" ಮಲ್ಪೆಯಿಂದ ಬಂದ ಅಮ್ಮ ಕೂರುವ ಮೊದಲೇ ಕೇಳಿದರು. ಮೀನು ಮಾರುವವರು, ದಿನವಿಡೀ ನಿಂತೇ ಕೆಲಸ. ಬಲಗಾಲಿನ ಹಿಮ್ಮಡಿಯಲ್ಲಿ ಹೆಸರುಕಾಳಿನಷ್ಟು ಕಪ್ಪು ಕಲೆ.

"ನೋಡುವಾ, ಕೂತ್ಕೊಳ್ಳಿ ಅಮ್ಮ" ಎಂದೆ.

ಉಡುಪಿಯಲ್ಲಿ ಚರ್ಮದ ಡಾಕ್ಟರಾಗಿ ಕೂತ ಹೊಸತರಲ್ಲಿ ನಾನು ಇಂಥದ್ದಕ್ಕೆ ಸೀದಾ ಬಯಾಪ್ಸಿ ಮಾಡುತ್ತಿದ್ದೆ, ಅಂದರೆ ಚೂರು ಕೊಯ್ದು ಪರೀಕ್ಷೆಗೆ ಕಳಿಸುತ್ತಿದ್ದೆ. ಒಬ್ಬ ರಿಕ್ಷಾ ಡ್ರೈವರಿಗೂ ಮಾಡಿದೆ. ರಿಪೋರ್ಟ್ ಬಂತು: ಸಾದಾ ಮಚ್ಚೆ. ಅಂಗಾಲಿನ ಹೊಲಿಗೆ ಮಾಗುವ ತನಕ ಅವರು ಬ್ರೇಕ್ ಒತ್ತಲಾಗದೆ ಮನೆಯಲ್ಲಿ ಕೂತರು. ಡರ್ಮೋಸ್ಕೋಪ್ ಕೊಂಡದ್ದು ಆ ಬೇಜಾರಿನಲ್ಲೇ.

ಅದು 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸು, ಸುತ್ತ ಎಲ್‌ಇಡಿ ದೀಪ. ಒಂದಕ್ಕೊಂದು ಅಡ್ಡ ಇಟ್ಟ, ಬೆಳಕು ಸೋಸುವ ಪೋಲರೈಸರ್‌ಗಳು ಚರ್ಮದ ಮೇಲಿನ ಹೊಳಪನ್ನು ತಡೆಯುತ್ತವೆ. ಒಳಗೆ ಹೋಗಿ ಚದುರಿ ಬಂದ ಬೆಳಕು ಮಾತ್ರ ಕಣ್ಣಿಗೆ ಸಿಗುತ್ತದೆ.

ಅಂಗಾಲಿನ ಚರ್ಮ ಉತ್ತ ಗದ್ದೆಯ ಹಾಗೆ. ದಿಬ್ಬ, ತಗ್ಗು, ದಿಬ್ಬ, ತಗ್ಗು. ಬಣ್ಣ ತಗ್ಗಿನಲ್ಲಿದ್ದರೆ ಹೆಚ್ಚಾಗಿ ಮಚ್ಚೆ. ದಿಬ್ಬದ ಮೇಲೆ ಪಟ್ಟಿಯಾಗಿದ್ದರೆ ಮೆಲನೋಮ ಇರಬಹುದು. ನಮ್ಮಲ್ಲಿ ಈ ಕ್ಯಾನ್ಸರ್ ಅಪರೂಪ, ಆದರೆ ಬಂದರೆ ಜಾಸ್ತಿ ಕಾಣುವುದು ಅಂಗಾಲಿನಲ್ಲೇ. ದಿಬ್ಬ ಯಾವುದೆಂದು ತಿಳಿಯಲು ಬೆವರಿನ ರಂಧ್ರ ಹುಡುಕಬೇಕು. ಬಿಳಿ ಚುಕ್ಕಿಗಳು ಮಣಿಸರದ ಹಾಗೆ ದಿಬ್ಬದ ನಡುವೆಯೇ ಸಾಗುತ್ತವೆ.

ಅಮ್ಮನ ಹಿಮ್ಮಡಿ ದಪ್ಪಗಟ್ಟಿತ್ತು, ಚುಕ್ಕಿಯೇ ಕಾಣಲಿಲ್ಲ. ಫೌಂಟನ್ ಪೆನ್ನಿನ ನೀಲಿ ಶಾಯಿ ಒಂದು ತೊಟ್ಟು ಹಚ್ಚಿ ಒರೆಸಿದೆ. ತಗ್ಗುಗಳಲ್ಲಿ ಮಾತ್ರ ನೀಲಿ ಗೆರೆ ಉಳಿಯಿತು. ಕಪ್ಪು ಬಣ್ಣ ಇದ್ದದ್ದು ಗೆರೆಗಳ ನಡುವೆ, ದಿಬ್ಬದ ಮೇಲೆ! ಒಂದು ಕ್ಷಣ ಎದೆ ಧಸಕ್ಕೆಂದಿತು.

ಫೋಕಸ್ ಸರಿಮಾಡಿ ಮತ್ತೆ ನೋಡಿದೆ. ಪಟ್ಟಿಯಲ್ಲ, ಬಿಡಿಬಿಡಿ ಹನಿಗಳು, ಅಂಚಿನಲ್ಲಿ ಕೆಂಪು ಛಾಯೆ. ಒತ್ತಡಕ್ಕೆ ಮೇಲ್ಪದರದಲ್ಲಿ ಹೆಪ್ಪುಗಟ್ಟಿದ ರಕ್ತ ಹೀಗೇ ಕಾಣುತ್ತದೆ. ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ಹುಡಿಹುಡಿಯಾಗಿ ಬಂತು. ಅವರಿಗೆ ನೋವೂ ಆಗಲಿಲ್ಲ.

ಲೇಸರ್ ಮೆಷಿನ್ ಇದ್ದರೆ ಇದೆಲ್ಲ ಬೇಡ ಅಲ್ವಾ ಅಂತ ಕೇಳುವವರಿದ್ದಾರೆ. ಕಾನ್‌ಫೋಕಲ್ ಮೈಕ್ರೋಸ್ಕೋಪ್ 830 ನ್ಯಾನೋಮೀಟರ್ ಲೇಸರಿನಲ್ಲಿ ಜೀವಕೋಶಗಳನ್ನೇ ತೋರಿಸುತ್ತದೆ, ನಿಜ. ಆದರೆ ಅದು ನೋಡಬಲ್ಲ ಆಳ ಸುಮಾರು ಕಾಲು ಮಿಲಿಮೀಟರ್. ಮೀನು ಮಾರುವ ಅಮ್ಮನ ಹಿಮ್ಮಡಿಯ ಮೇಲ್ಪದರವೇ ಅದಕ್ಕಿಂತ ದಪ್ಪ, ಮಾರಾಯ್ರೇ.

ಮೆಲನೋಮದ ಮೇಲೂ ರಕ್ತ ಹೆಪ್ಪುಗಟ್ಟಬಹುದು. ಹಾಗಾಗಿ ಫೋಟೊ ತೆಗೆದಿಟ್ಟು, ತಿಂಗಳು ಬಿಟ್ಟು ಬನ್ನಿ, ಉಳಿದರೆ ಬಯಾಪ್ಸಿ ಎಂದೆ. ಬಂದರು. ಹಿಮ್ಮಡಿ ಸ್ವಚ್ಛ. ಎದ್ದು ಹೋಗದೆ ಎಡಗಾಲನ್ನೂ ಸ್ಟೂಲಿನ ಮೇಲಿಟ್ಟರು: "ಹೇಗೂ ಕೊಯ್ಲಿಕ್ಕಿಲ್ಲ ಅಲ್ವಾ, ಇದನ್ನೂ ಒಮ್ಮೆ ನೋಡಿ."